ಫಾಟಾದ ಏರಿನಲ್ಲಿ ಬರುತ್ತಿದ್ದ ಎದೆನೋವು

ಮೊದಲ ಸಲ ಎದೆ ಹಿಡಿದಾಗ ನಾನು ಬೈದದ್ದು ಕಲ್ಯಾಣಿಯ ಮಿರ್ಚಿ ಭಜಿಯನ್ನು. ಈಗ ಬಸವಕಲ್ಯಾಣ ಎಂದು ಬೋರ್ಡು ಹಾಕಿರುವ ಊರಿಗೆ ಆಗ ನಾವೆಲ್ಲ ಕಲ್ಯಾಣಿ ಎಂದೇ ಅನ್ನುತ್ತಿದ್ದೆವು. ಅಲ್ಲಿಂದ ರಾಜೇಶ್ವರ ಹಾದು ಹುಮನಾಬಾದಿಗೆ ಹೋಗುವ ಒಬ್ಬ ಸಾಹುಕಾರರ ಬಸ್ಸಿಗೆ ನಾನು ಡ್ರೈವರು. ನಿಜಾಮರ ರಾಜ್ಯ ಮುಗಿದು ಕೆಲವು ತಿಂಗಳಾಗಿತ್ತು. 1949ರ ಬೇಸಿಗೆ ಆಗಷ್ಟೇ ಕಾಯತೊಡಗಿತ್ತು. ಹುಮನಾಬಾದಿನ ಸಂತೆಯ ದಿನ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಮೇಲೆ ಜೋಳದ ಚೀಲ, ಹಿಂದಿನ ಏಣಿಗೆ ಕಟ್ಟಿದ ಕೋಳಿ ಬುಟ್ಟಿ. ಒಂದು ಫಾಟಾದಲ್ಲಿ, ಅಂದರೆ ಹಳ್ಳಿಯ ಬಂಡಿದಾರಿ ಬಂದು ದೊಡ್ಡ ರಸ್ತೆಗೆ ಕೂಡುವ ಕಡೆ, ಜನರನ್ನು ಹತ್ತಿಸಿಕೊಂಡು ಗೇರು ಹಾಕಿದೆ. ಮುಂದೆ ಏರು. ಏರಿನ ನಡುವೆ ಎದೆಗೆ ಯಾರೋ ಹಗ್ಗ ಸುತ್ತಿ ಬಿಗಿದ ಹಾಗಾಯಿತು. ನೋವು ಎಡಗೈಗೆ ಇಳಿದು ಕಿರುಬೆರಳ ತನಕ ಹೋಯಿತು. ಸ್ಟೀರಿಂಗ್ ಹಿಡಿದಿದ್ದೇನೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ.

ಹೇಗೋ ಬಸ್ಸನ್ನು ಬದಿಗೆ ತಂದು ನಿಲ್ಲಿಸಿದೆ. ಕಂಡಕ್ಟರ್ ಇಳಿದು ಕಿಟಕಿಯ ಹತ್ತಿರ ಬಂದ. ನನ್ನಷ್ಟೇ ವಯಸ್ಸಿನವನು, ಬಾಯಿಗೆ ಬೀಗವಿಲ್ಲದ ಮನುಷ್ಯ.

"ಏನಾತ್ರಿ ಉಸ್ತಾದ್? ಮಾರಿ ಯಾಕ ಹಿಂಗ ಬೆವತದ?"

"ಇಂಜಿನ್ ಕಾದದ. ಜರಾ ತಡಿ."

ಸ್ವಲ್ಪ ಹೊತ್ತಿಗೆ ನೋವು ಬಂದ ಹಾಗೇ ಹೋಯಿತು. ಮನೆಗೆ ಬಂದು ಹೇಳಿದರೆ ನನ್ನಾಕೆ ಅಜವಾನ ಅರೆದು ಉಪ್ಪು ಹಾಕಿ ಕುಡಿಸಿದಳು. ಭಜಿ ಬಿಟ್ಟೆ. ಆದರೆ ಮುಂದಿನ ಸಂತೆಯ ದಿನ ಅದೇ ಏರಿನಲ್ಲಿ ಅದೇ ಹಗ್ಗ ಬಿಗಿಯಿತು. ಹೊಟ್ಟೆಯಲ್ಲಿ ಒಂದು ಲೋಟ ಚಹಾ ಬಿಟ್ಟರೆ ಏನೂ ಇರಲಿಲ್ಲ. ಆಗ ನನಗೆ ನಿಜವಾದ ಹೆದರಿಕೆ ಹತ್ತಿತು. ಆ ಏರಿನ ಬದಿಗೆ ಒಂದು ಮೋರಿ, ಮೋರಿಯ ಕೆಳಗೆ ಕಲ್ಲಿನ ಹಳ್ಳ. ನನ್ನ ಬೆನ್ನ ಹಿಂದೆ ಒಬ್ಬ ಬಸುರಿ ಹೆಂಗಸು ಮೋರಖಂಡಿಯ ತವರಿನಿಂದ ಗಂಡನ ಮನೆಗೆ ಹೊರಟಿದ್ದಳು. ಕೈ ಇನ್ನೊಂದು ಗಳಿಗೆ ಸೋತಿದ್ದರೆ ಏನಾಗುತ್ತಿತ್ತು ಎಂಬುದನ್ನು ಹುಮನಾಬಾದ ಮುಟ್ಟುವ ತನಕ ಯೋಚಿಸುತ್ತಲೇ ಇದ್ದೆ.

ಹುಮನಾಬಾದಿನ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರು ಮೈಸೂರು ಕಡೆಯವರು. ತೆಳ್ಳಗಿನ ಮನುಷ್ಯ, ಮಾತೂ ತೆಳ್ಳಗೆ. ತೋಳಿಗೆ ಪಟ್ಟಿ ಸುತ್ತಿ ಪಾದರಸ ಏರಿಸಿ ಇಳಿಸಿದರು. ಬೆನ್ನು, ಎದೆ ಎಲ್ಲ ಕೇಳಿದರು. ನನ್ನ ಕೆಲಸ ಏನು, ಹೇಗೆ ಎಂದು ವಿವರ ಕೇಳಿದರು.

ಹೇಳಿದೆ. ಪೆಟ್ರೋಲಿಗೆ ಗತಿಯಿಲ್ಲದ ಕಾಲದಲ್ಲಿ ಇದ್ದಿಲಿನಿಂದ ಓಡುವಂತೆ ಮಾಡಿದ್ದ ಗಾಡಿ ನಮ್ಮದು. ಹಿಂಬದಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಬೆಳಿಗ್ಗೆ ಅದರೊಳಗಿನ ಬೂದಿ, ಕಿಟ್ಟ ಕೆರೆದು ಇದ್ದಿಲು ತುಂಬಬೇಕು. ಕೆಳಗಿನ ಕಿಂಡಿಗೆ ಎಣ್ಣೆಬಟ್ಟೆಯ ಪಂಜು ಹಿಡಿದು ಕೈಪಂಖ ತಿರುವಬೇಕು. ಹೊರಗಿನ ಕೊಳವೆಯ ಬಾಯಿಗೆ ಬೆಂಕಿ ತೋರಿಸಿದಾಗ ಜ್ವಾಲೆ ನಡುಗದೆ ನಿಂತರೆ ಹೊಗೆ ಹದಕ್ಕೆ ಬಂತು ಎಂದರ್ಥ. ಆಮೇಲೆ ಮುಂದೆ ಬಂದು ಹ್ಯಾಂಡಲ್ ಹೊಡೆದು ಇಂಜಿನ್ ಎಬ್ಬಿಸುವುದು. ಬೆವರು ಕಿತ್ತುಕೊಂಡು ಬರುವ ಕೆಲಸ.

"ಹ್ಯಾಂಡಲ್ ಹೊಡೆಯುವಾಗ ನೋವು ಬರುತ್ತದೆಯೆ?"

"ಇಲ್ರಿ."

"ಪಂಖ ತಿರುವುವಾಗ?"

"ಇಲ್ರಿ. ಆ ಏರಿನ್ಯಾಗ ಅಷ್ಟೇ. ಅದೂ ಸಂತಿ ದಿನ."

ಡಾಕ್ಟರು ತುಟಿ ಕಚ್ಚಿಕೊಂಡು ಯೋಚಿಸಿದರು. ಇದು ಹೊಟ್ಟೆಯದಲ್ಲ, ಹೃದಯದ್ದು, ಹೃದಯಕ್ಕೇ ರಕ್ತ ಸಾಲದೆ ಬರುವ ನೋವು ಎಂದರು. ಏರಿನಲ್ಲಿ ಗಾಡಿ ಏದುಸಿರು ಬಿಡುವಾಗ ಇದ್ದಿಲ ಹೊಗೆ ಡ್ರೈವರನ ಕಡೆ ನುಗ್ಗುತ್ತಿರಬೇಕು, ಆ ಹೊಗೆ ರಕ್ತಕ್ಕೆ ವಿಷ ಎಂದು ಅವರ ಲೆಕ್ಕ. ಸಂತೆಯ ದಿನ ಭಾರ ಹೆಚ್ಚು, ಹೊಗೆಯೂ ಹೆಚ್ಚು. ಲೆಕ್ಕ ಸರಿಯಾಗಿಯೇ ಕಂಡಿತು. ಕಪ್ಪು ಶೀಶೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಮಾತ್ರೆಗಳನ್ನು ಕೊಟ್ಟರು. ನೋವು ಬಂದರೆ ಒಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ನುಂಗಬಾರದು. ಶೀಶೆ ಬಿಸಿಲಿಗೆ ಇಡಬಾರದು. ನೋವು ತಲೆ ಎತ್ತಿದ ಕೂಡಲೇ ಬಸ್ಸು ನಿಲ್ಲಿಸಬೇಕು. ಈ ಕಡೆಯದಕ್ಕೆ ನನ್ನಿಂದ ಆಣೆಯನ್ನೇ ಮಾಡಿಸಿಕೊಂಡರು.

"ಇನ್ನೊಂದು ಮಾತು. ಯಾರ ಹತ್ತಿರವಾದರೂ ಜಗಳ ಆಡುತ್ತೀರಾ?"

ನನಗೆ ನಗು ಬಂತು. ಆ ರಸ್ತೆಯಲ್ಲೆಲ್ಲ ನನ್ನ ಸಿಟ್ಟು ಹೆಸರುವಾಸಿ. ದಾರಿ ಬಿಡದ ಬಂಡಿಯವನಿಗೆ, ಮೇಕೆ ಹತ್ತಿಸುವವನಿಗೆ, ಕಿಟಕಿಯಿಂದ ಎಲೆಯಡಿಕೆ ಉಗುಳುವವನಿಗೆ, ಎಲ್ಲರಿಗೂ ನನ್ನ ಬಾಯಿಯ ಪ್ರಸಾದ ಸಿಕ್ಕಿತ್ತು. ಅದನ್ನೆಲ್ಲ ಒಪ್ಪಿಕೊಂಡೆ.

"ಆ ಫಾಟಾದಲ್ಲಿ, ಆ ಏರಿನಲ್ಲಿ?"

"ಅಲ್ಲಿ ಯಾರ ಕೂಡಾನೂ ಇಲ್ರಿ," ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ.

ಆದರೂ ಸಿಟ್ಟು ಮಾಡಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರಿಂದ ಮುಂದಿನ ಕೆಲವು ವಾರ ಬಾಯಿ ಕಟ್ಟಿಕೊಂಡು ಬಸ್ಸು ಓಡಿಸಿದೆ. ಅದರ ಫಜೀತಿ ಕೇಳಬೇಡಿ. ನಮ್ಮ ಕಂಡಕ್ಟರ್ ಕಲ್ಯಾಣಿಯಿಂದ ಹುಮನಾಬಾದಿನ ತನಕ ಟಾಂಟಾಂ ಹೊಡೆದಿದ್ದ. ಹತ್ತುವವರೆಲ್ಲ ಮೊದಲು ನನ್ನ ಮುಖ ನೋಡುತ್ತಿದ್ದರು. "ಉಸ್ತಾದ್, ಗುಸ್ಸಾ ಮಾಡ್ಕೋಬ್ಯಾಡ್ರಿ," "ಉಸ್ತಾದ್, ತಣ್ಣಗ ಇರ್ರಿ," "ಬಸ್ ಲೇಟ್ ಆದ್ರ ಆಗ್ಲಿ ಬಿಡ್ರಿ, ನಿಮ್ಮ ಜೀವ ಮುಖ್ಯ." ಒಬ್ಬ ಮುದುಕಿಯಂತೂ ನನ್ನ ನೆತ್ತಿಗೆ ತಣ್ಣೀರು ತಟ್ಟಿದಳು. ಸಿಟ್ಟಿಗೆ ಬರಬೇಡ ಎಂದು ಇಷ್ಟು ಜನ ಹೇಳಿದರೆ ಎಂಥ ಸಾಧುವಿಗೂ ಸಿಟ್ಟು ಬರುತ್ತದೆ. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ನೋವು ಮಾತ್ರ ತನ್ನ ದಿನ, ತನ್ನ ಏರು ಮರೆಯಲಿಲ್ಲ.

ಅಷ್ಟರಲ್ಲಿ ಪೆಟ್ರೋಲು ಸಿಗತೊಡಗಿತು. ಸಾಹುಕಾರರು ಡ್ರಮ್ಮು ಬಿಚ್ಚಿಸಿ, ಕಾರ್ಬುರೇಟರ್ ತೊಳೆಸಿ ಕೂಡಿಸಿದರು. ಗಾಡಿ ಏರನ್ನು ಒಂದೇ ಉಸಿರಿಗೆ ಹತ್ತಿತು, ಹೊಗೆಯಿಲ್ಲ, ಜನ ಇಳಿದು ನೂಕುವ ಕಾಟವಿಲ್ಲ. ಏರಿನ ತುದಿಯಲ್ಲಿ ನನ್ನ ಎದೆ ಬಿಗಿಯಿತು. ಮಾತ್ರೆ ಇಟ್ಟುಕೊಂಡು ಸ್ಟೀರಿಂಗಿಗೆ ಹಣೆ ಹಚ್ಚಿ ಕೂತೆ. ಅಂದರೆ ಹೊಗೆಯೂ ಅಲ್ಲ. ಹಾಗಾದರೆ ಏನು? ಡಾಕ್ಟರು ನನ್ನನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ಕೈಕಾಲಿಗೆ ತಂತಿ ಕಟ್ಟಿ, ಎದೆಬಡಿತದ ಗೆರೆಗಳನ್ನು ಪಟ್ಟಿಯ ಮೇಲೆ ತೆಗೆದರು. ಗೆರೆಗಳಲ್ಲಿ ಏನೂ ದೋಷವಿಲ್ಲ ಎಂದರು.

ಅದನ್ನು ಕೇಳಿ ನನ್ನಾಕೆ ಸಕ್ಕರೆ ಹಂಚಿದಳು. ಸಾಹುಕಾರರು ಬೇರೆ ಥರ ತಿಳಿದುಕೊಂಡರು.

"ಖರೇ ಹೇಳು, ಬ್ಯಾರೆ ಕಡಿ ನೌಕರಿ ನೋಡಾಕತ್ತೀ ಏನು? ಹೈದರಾಬಾದಿನ ಮಶೀನ್ ಸುಳ್ಳ ಹೇಳ್ತದ?"

ರಾಜೀನಾಮೆ ಕೊಟ್ಟುಬಿಡೋಣ ಎಂದರೆ ಮನೆಯಲ್ಲಿ ನನ್ನ ಮಕ್ಕಳ ಜೊತೆ ಅಣ್ಣನ ಹೆಂಡತಿ, ಅವಳ ಮಗಳು. ಬಿಡದೆ ಓಡಿಸೋಣ ಎಂದರೆ ಆ ಮೋರಿ. ಸಂತೆಯ ಹಿಂದಿನ ದಿನದಿಂದಲೇ ನನಗೆ ಊಟ ಸೇರುತ್ತಿರಲಿಲ್ಲ. ಹೈದರಾಬಾದಿನಲ್ಲಿ ಮಲಗಿಸಿ ತೆಗೆದ ಚಿತ್ರ ಅದು, ಏರಿನಲ್ಲಿ ತೆಗೆದದ್ದಲ್ಲ ಎಂದು ನನ್ನ ಮಾತು ನಂಬಿದವರು ಆ ಡಾಕ್ಟರು ಒಬ್ಬರೇ. ಒಂದು ಸಂತೆಯ ಬೆಳಿಗ್ಗೆ ಅವರೇ ಕಲ್ಯಾಣಿಗೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು.

ದಾರಿಯುದ್ದಕ್ಕೂ, ಬಸ್ಸು ನಿಂತ ಕಡೆಯೆಲ್ಲ, ನನ್ನ ಎಡಗೈ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದರು. ಒಂದು ಕಡೆ ಎಮ್ಮೆಗಳ ಹಿಂಡು ಅಡ್ಡ ಬಂತು. "ಬೈಯಿರಿ, ನೋಡೋಣ," ಎಂದರು. ಬಹಳ ದಿನದ ಉಪವಾಸ ಮುರಿದು ಕಿಟಕಿಯಿಂದ ತಲೆ ಹಾಕಿ ಮನಸಾರೆ ಬೈದೆ. ನಾಡಿ ಏರಿತು, ಕೂಡಲೇ ಇಳಿಯಿತು. ಎದೆ ಹಗುರಾಗಿಯೇ ಇತ್ತು.

ಫಾಟಾ ಬಂತು. ಬಸ್ಸು ನಿಲ್ಲಿಸಿ ಕೈ ಅವರಿಗೆ ಕೊಟ್ಟೆ. ಜನ ಹತ್ತುತ್ತಿದ್ದರು. ನನ್ನ ಕಿಟಕಿಯ ಹೊರಗೆ, ಕೈಗೆಟಕುವಷ್ಟು ಹತ್ತಿರ, ಒಬ್ಬ ರೈತ ನಿಂತು ಕಂಡಕ್ಟರನಿಗೆ ಕೂಗಿ ಹೇಳಿದ:

"ಉಸ್ತಾದಗ ಹೇಳಪಾ, ಚೀಲ ಮ್ಯಾಲ ಏರಸ್ಲಾಕತ್ತೀನಿ, ಜರಾ ತಡೀಲಿ ಅಂತ."

"ಆತಗ ಹೇಳು, ತಡದೀನಿ," ಎಂದು ನಾನು ಮುಂದಿನ ಗಾಜು ನೋಡುತ್ತ ಕಂಡಕ್ಟರನಿಗೆ ಹೇಳಿದೆ.

ಡಾಕ್ಟರ ಬೆರಳು ಬಿಗಿಯಾಯಿತು. ಒಮ್ಮೆ ನನ್ನ ಮುಖ, ಒಮ್ಮೆ ಗಡಿಯಾರ ನೋಡಿದರು. ನಾಡಿ ಓಡುತ್ತಿತ್ತು, ನಡುನಡುವೆ ಹೆಜ್ಜೆ ತಪ್ಪುತ್ತಿತ್ತು. ಬಸ್ಸು ಇನ್ನೂ ಸಮತಟ್ಟಿನಲ್ಲೇ ನಿಂತಿತ್ತು, ಏರು ಮುಂದಿತ್ತು.

"ಯಾರು ಅವನು?"

"ಯಾರೂ ಅಲ್ರಿ. ಮಾತು ಬಿಟ್ಟೀವಿ."

"ಜಗಳ ಇಲ್ಲ ಎಂದಿದ್ದಿರಿ!"

"ಜಗಳ ಎಲ್ಲದ್ರಿ? ಮಾತೇ ಇಲ್ಲ, ಜಗಳ ಹ್ಯಾಂಗ ಆಗ್ತದ?"

ನಮ್ಮ ಕಡೆ ಮಾತು ಬಿಡುವುದೆಂದರೆ ಜಗಳಕ್ಕೆ ಅಗಳಿ ಹಾಕಿ ಮುಗಿಸಿದಂತೆ. ಮಾತು ಬಿಟ್ಟವರು ಒಂದೇ ಬಾವಿಯಲ್ಲಿ ನೀರು ಸೇದುತ್ತಾರೆ, ಒಂದೇ ಹೆಣಕ್ಕೆ ಹೆಗಲು ಕೊಡುತ್ತಾರೆ, ಹೇಳಬೇಕಾದ್ದನ್ನು ಮೂರನೆಯವನ ಬಾಯಿಂದ ಹೇಳಿಸುತ್ತಾರೆ. ಅದು ಮರ್ಯಾದಸ್ಥರು ಶಾಂತಿಯಿಂದ ಇರುವ ರೀತಿ ಎಂದೇ ನಾನು ತಿಳಿದಿದ್ದೆ. ಅದಕ್ಕೇ ಡಾಕ್ಟರು ಕೇಳಿದಾಗ ಅವನು ನನ್ನ ನೆನಪಿಗೂ ಬರಲಿಲ್ಲ.

ಏರಿನ ತುದಿಯಲ್ಲಿ ಬಸ್ಸು ನಿಲ್ಲಿಸಿ, ಮಾತ್ರೆ ಕರಗಿದ ಮೇಲೆ, ಡಾಕ್ಟರು ನನ್ನನ್ನು ಕೆಳಗಿಳಿಸಿ ಒಂದು ಕಲ್ಲಿನ ಮೇಲೆ ಕೂಡಿಸಿದರು. ಅಲ್ಲಿ ಹೇಳಿದೆ. ಫಾಟಾದಿಂದ ಒಳಗೆ ಇರುವುದು ನಮ್ಮ ಹಳ್ಳಿ. ನಾವು ಪಿಂಜಾರರು, ಅಣ್ಣ ಅಲ್ಲೇ ಇದ್ದು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಆ ರೈತ ನಮ್ಮ ನೆರೆಮನೆಯವನು, ಅಣ್ಣನ ಓರಗೆಯವನು. ಅವನ ಮದುವೆಯ ಗಾದಿಯನ್ನು ತುಂಬಿದ್ದು ಅಣ್ಣನೇ. ಹಿಂದಿನ ವರ್ಷ ಹಿಂದೂಸ್ತಾನದ ಮಿಲಿಟರಿ ಬಂದ ಮೇಲಿನ ದಿನಗಳಲ್ಲಿ, ನಿಜಾಮರ ಪರ ದಾಂಧಲೆ ಮಾಡಿದ್ದ ರಜಾಕಾರರ ಮೇಲಿದ್ದ ಜನರ ಸಿಟ್ಟು ರಜಾಕಾರರ ನೆರಳನ್ನೂ ತುಳಿಯದ ನಮ್ಮಂಥ ಮುಸಲ್ಮಾನರ ಮೇಲೆ ಬಿತ್ತು. ಹೊರಗಿನಿಂದ ಗುಂಪು ಬಂದಾಗ ಹೆಂಗಸರನ್ನು ಹಿತ್ತಲಿನಿಂದ ಓಡಿಸಿ ಅಣ್ಣ ನೆರೆಮನೆಯ ಬಾಗಿಲು ಬಡಿದ. ಬಾಗಿಲು ತೆಗೆಯಲಿಲ್ಲ. ಹುಮನಾಬಾದಿನಲ್ಲಿ ಸಿಕ್ಕಿಬಿದ್ದಿದ್ದ ನಾನು ಊರಿಗೆ ಬರುವಷ್ಟರಲ್ಲಿ ಅಣ್ಣನನ್ನು ಮಣ್ಣು ಮಾಡಿದ್ದರು. ಹೊಡೆದವರ ಮುಖ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಆ ಬಾಗಿಲು ಒಂದೇ.

ಡಾಕ್ಟರು ಮತ್ತೆ ನನ್ನ ನಾಡಿ ಹಿಡಿದು ನೋಡಿದರು. ಆಮೇಲೆ ಹೇಳಿದರು: "ಮೈ ದುಡಿದರೆ ಹೃದಯ ತಡೆದುಕೊಳ್ಳುತ್ತದೆ. ನಿಮ್ಮ ಎದೆ ಹ್ಯಾಂಡಲ್ ತಡೆಯಿತು, ಬೈಗುಳ ತಡೆಯಿತು. ಇದನ್ನು ತಡೆಯುತ್ತಿಲ್ಲ. ಒಳಗೆ ಸಿಟ್ಟು ಬಿಗಿದಾಗ ರಕ್ತದ ದಾರಿಯೂ ಬಿಗಿಯುತ್ತಿರಬೇಕು. ನನ್ನ ಹತ್ತಿರ ಇದಕ್ಕೆ ಔಷಧ ಇಲ್ಲ. ಅವನು ಈ ಬಸ್ಸಿಗೆ ಬರಬಾರದು, ಇಲ್ಲವೇ ನೀವು ಬಸ್ಸು ಬಿಡಬೇಕು."

"ಇಲ್ಲಾಂದ್ರ?"

"ಇಲ್ಲವಾದರೆ ನಿಮ್ಮ ಜೊತೆ ಬಸ್ಸಿನ ಜನವೂ ಹೋಗುತ್ತಾರೆ."

ಡಾಕ್ಟರ ಮಾತು ಸಾಹುಕಾರರಿಗೆ ಹೋಯಿತು, ಸಾಹುಕಾರರಿಂದ ಕಂಡಕ್ಟರನಿಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವರಿಬ್ಬರೇ ಕೂಡಿ ಏನೋ ಏರ್ಪಾಡು ಮಾಡಿದರು. ನನ್ನನ್ನು ಕೇಳಲಿಲ್ಲ. ಮುಂದಿನ ಸಂತೆಯ ದಿನ ಫಾಟಾದಲ್ಲಿ ಅವನು ಕಾಣಲಿಲ್ಲ. ಏರು ಹತ್ತಿದೆ, ಎದೆ ಸುಮ್ಮನಿತ್ತು. ಅದರ ಮುಂದಿನ ಸಂತೆಗೂ ಸುಮ್ಮನಿತ್ತು. ನಾನು ಹಾಡು ಗುನುಗಿಕೊಂಡು ಹೋದೆ ಎಂದು ಕಂಡಕ್ಟರ್ ಆಮೇಲೆ ಹೇಳುತ್ತಿದ್ದ. ಇರಬಹುದು. ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಶೀಶೆ ಮನೆಯಲ್ಲೇ ಮರೆತು ಬರುವಷ್ಟು ಧೈರ್ಯ ಬಂದಿತ್ತು. ನನ್ನಾಕೆಯೇ ಓಡಿ ಬಂದು ಜೇಬಿಗೆ ಹಾಕುತ್ತಿದ್ದಳು.

ಹಾಗೆ ನಿಶ್ಚಿಂತನಾಗಿದ್ದ ಒಂದು ಸಂತೆಯ ದಿನ ಏರಿನಲ್ಲಿ ರಸ್ತೆಯ ಅಂಚಿಗೆ ಒಬ್ಬ ಮನುಷ್ಯ ತಲೆಯ ಮೇಲೆ ಚೀಲ ಹೊತ್ತು ನಡೆದು ಹೋಗುತ್ತಿದ್ದ. ಉರಿಬಿಸಿಲು. ಹಾರ್ನು ಕೇಳಿದ ಕೂಡಲೇ ಅವನು ರಸ್ತೆ ಬಿಟ್ಟು ಹೊಲಕ್ಕೆ ಇಳಿದ. ಇಳಿದವನು ನಮ್ಮ ಕಡೆ ಬೆನ್ನು ತಿರುಗಿಸಿ, ಚೀಲ ಹೊತ್ತುಕೊಂಡೇ ನಿಂತ, ನನಗೆ ಅವನ ಮುಖ ಕಾಣಬಾರದೆಂದು. ಬೆನ್ನು ಸಾಕಾಗಿತ್ತು. ಹುಡುಗನಾಗಿದ್ದಾಗಿನಿಂದ ನೋಡಿದ ಬೆನ್ನು.

"ಅವ ಯಾಕ ನಡಕೋತ ಹೊಂಟಾನ?"

ಕಂಡಕ್ಟರ್ ತಲೆ ಕೆರೆದುಕೊಂಡ. "ನಾನೇ ಹೇಳಿದ್ನಿರಿ. ನಿನ್ನ ಮಾರಿ ನೋಡಿದ್ರ ಉಸ್ತಾದನ ದಿಲ್ ಹಿಡೀತದ, ಡಾಕ್ಟರ್ ಸಾಹೇಬ್ರು ಅಂದಾರ ಅಂತ. ಅವ ಒಂದು ಮಾತೂ ಎದರ ಆಡ್ಲಿಲ್ರಿ. ಆವಾಗಿಂದ ಹುಮನಾಬಾದಿನ ತನಕಾ ನಡದೇ ಹೋಗಾಕತ್ತಾನ."

ಆಗ ಬಂತು ನೋವು. ಹಿಂದೆಂದೂ ಹಾಗೆ ಬಂದಿರಲಿಲ್ಲ. ಬಸ್ಸನ್ನು ಬದಿಗೆ ಹಚ್ಚಿ, ಬ್ರೇಕು ಎಳೆದು, ಮಾತ್ರೆ ಇಟ್ಟುಕೊಂಡೆ. ತಲೆ ಸಿಡಿಯುತ್ತಿತ್ತು, ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ಕಣ್ಣಿಗೆ ಬಿದ್ದದ್ದು ಒಂದು ಬೆನ್ನು, ಅಷ್ಟಕ್ಕೇ ಇಷ್ಟು. ಅಂದರೆ ಅವನನ್ನು ಬಸ್ಸಿನಿಂದ ಇಳಿಸಿ ಏನು ಬಂತು? ನನ್ನ ಎದೆಯೊಳಗಿನಿಂದ ಅವನನ್ನು ನಾನು ಇಳಿಸಿಯೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಇದು: ಅಂದು ನನ್ನ ಅಣ್ಣನಿಗೆ ಬಾಗಿಲು ತೆಗೆಯದವನು ಇಂದು ನನ್ನ ಎದೆ ಕಾಯುತ್ತ ಬಿಸಿಲಲ್ಲಿ ನಡೆಯುತ್ತಿದ್ದಾನೆ. ಅವನಿಗೆ ಆ ಪುಣ್ಯ ಕೊಡಲು ನಾನು ತಯಾರಿರಲಿಲ್ಲ.

ಹಗ್ಗ ಸಡಿಲಾಗುವ ತನಕ ಕಾದೆ. ಕಂಡಕ್ಟರ್ ಬೇಡ ಬೇಡ ಎಂದರೂ ಕೇಳದೆ ಇಳಿದು, ನಿಧಾನವಾಗಿ ಹೆಜ್ಜೆ ಹಾಕಿ ಹೊಲದ ಬದುವಿಗೆ ಹೋದೆ. ಹೆಜ್ಜೆ ಸಪ್ಪಳಕ್ಕೆ ಅವನು ತಿರುಗಿದ. ಚೀಲ ಇಳಿಸಿದ. ಅಭ್ಯಾಸದಂತೆ ನನ್ನ ಹಿಂದೆ ಬರುತ್ತಿದ್ದ ಕಂಡಕ್ಟರನ ಕಡೆ ನೋಡಿ, "ಉಸ್ತಾದಗ ಹೇಳಪಾ, ಬಿಸಿಲಾಗ..." ಎಂದು ಶುರುಮಾಡಿದ.

"ನನಗ ಹೇಳು," ಎಂದೆ. ಅಷ್ಟು ದಿನಗಳ ಮೇಲೆ ನಾನು ಅವನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನೇ ಕೇಳಿದೆ:

"ಅಣ್ಣ ಬಾಗಿಲ ಬಡದಾಗ ಒಳಗಿದ್ದಿ?"

"ಇದ್ದೆ."

"ಧ್ವನಿ ಗುರ್ತು ಸಿಕ್ಕಿತ್ತು?"

"ಸಿಕ್ಕಿತ್ತು. ನನ್ನ ಹೆಸರ ಹಿಡದು ಕರದ."

"ಮತ್ತ?"

ಅವನು ತನ್ನ ಬಲಗೈಯನ್ನೇ ನೋಡಿಕೊಂಡ. "ಅಗಳಿ ಮ್ಯಾಲ ಕೈ ಇಟ್ಟಿದ್ದೆ. ಅಂಜಿದೆ. ತೆಗೀಲಿಲ್ಲ."

ಇಷ್ಟು ತಿಂಗಳು ನಾನು ಅವನ ಬಾಯಿಂದ ನೂರು ನೆಪ ಕಲ್ಪಿಸಿಕೊಂಡು, ಒಂದೊಂದಕ್ಕೂ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಮಲಗಿದ್ದೆ ಎನ್ನುತ್ತಾನೆ, ಹೊಲಕ್ಕೆ ಹೋಗಿದ್ದೆ ಎನ್ನುತ್ತಾನೆ, ಕೇಳಿಸಲಿಲ್ಲ ಎನ್ನುತ್ತಾನೆ ಎಂದು. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಳು ಬಂತು, ತಡೆದುಕೊಳ್ಳಲಿಲ್ಲ.

"ಮಾಫ್ ಮಾಡು ಅಂತ ಕೇಳಾಂವ ಅಲ್ಲ ನಾ," ಎಂದ ಅವನು.

"ಕೇಳಬ್ಯಾಡ. ಮಾಡೂದೂ ಇಲ್ಲ. ನಡಿ, ಬಸ್ ಹತ್ತು."

"ನನ್ನ ಮಾರಿ ನೋಡಿದ್ರ ನಿನಗ..."

"ನನ್ನ ಎದಿ ನಾ ನೋಡ್ಕೋತೀನಿ. ನೀ ಅದನ್ನ ಕಾಯೂದು ಬ್ಯಾಡ. ಕಾಯೋ ದಿನ ಕಾಯ್ಲಿಲ್ಲ. ಹತ್ತು."

ಅವನು ಚೀಲ ಎತ್ತಿಕೊಂಡು ಮೊದಲು ಹೋದ. ಬಸ್ಸಿನ ಜನ ಸರಿದು ನನ್ನ ಬೆನ್ನ ಹಿಂದಿನ ಸೀಟಿನಲ್ಲಿ ಜಾಗ ಬಿಟ್ಟರು. ನಾನು ಕೂತು, ಎರಡೂ ಕೈಗೆ ಸ್ಟೀರಿಂಗ್ ತಿಳಿಯುತ್ತದೆಯೋ ಎಂದು ನೋಡಿಕೊಂಡು, ಗಾಡಿ ಎಬ್ಬಿಸಿದೆ. ಏರು ಮುಗಿಯಿತು. ರಾಜೇಶ್ವರ ಇನ್ನೂ ದೂರವಿರುವಾಗ ಎದೆಯ ನಡುವೆ ಹಗ್ಗ ಮತ್ತೆ ಮೆಲ್ಲಗೆ ಅಲುಗಾಡಿತು. ನನ್ನ ಹೆಗಲು ಬಿಗಿದದ್ದು ಹಿಂದಿನಿಂದ ಕಂಡಿರಬೇಕು.

"ಬರ್ಲಾಕತ್ತದ?" ಎಂದು ಅವನು ಕೇಳಿದ. ಕಂಡಕ್ಟರನನ್ನಲ್ಲ, ನನ್ನನ್ನು.

"ಬರ್ಲಾಕತ್ತದ," ಎಂದೆ.

"ನಿಲ್ಸು."

ನಿಲ್ಲಿಸಿದೆ.